ಓದಿಸುವವರ ಓದು

ಅಕ್ಷರಸ್ಥನೆಂದರೆ ಯಾರು? ಭಾರತದ ಜನಗಣತಿಯು ಈ ಪ್ರಶ್ನೆಗೆ ಕೊಟ್ಟಿರುವ ಉತ್ತರ ಸ್ಪಷ್ಟವಾಗಿದೆ. ಏಳು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಯಸ್ಸಿನವರಾಗಿದ್ದು, ಯಾವುದಾದರೊಂದು ಭಾಷೆಯನ್ನು ಅರ್ಥಮಾಡಿಕೊಂಡು ಓದಲೂ ಬರೆಯಲೂ ಬಲ್ಲವರು ಅಕ್ಷರಸ್ಥರು. ಲಕ್ಷಣವಾಕ್ಯವಾಗಿ ಇದು ನಿರ್ದುಷ್ಟವಾದುದೇ ಸರಿ. ‘ಅರ್ಥಮಾಡಿಕೊಂಡು’ ಎಂಬ ವಿಶೇಷಣವೇ ಅದರ ಪ್ರಾಣ. ಆದರೆ ಗಣತಿದಾರರು ಮನೆಯ ಬಾಗಿಲಲ್ಲಿ ನಿಂತು ಪುಸ್ತಕವನ್ನು ಕೈಗಿತ್ತು ಓದಿಸಿ ನೋಡುವುದಿಲ್ಲ. ಮನೆಯವರು ಹೇಳಿದುದನ್ನು ಬರೆದುಕೊಂಡು ಮುಂದಿನ ಮನೆಗೆ ಸಾಗುತ್ತಾರೆ. ಹೀಗೆ ಬರೆದುಕೊಂಡ ಲೆಕ್ಕದಂತೆ 2011ರಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇಕಡ 59.56, ಇಡೀ ಕರ್ನಾಟಕದ್ದು ಶೇಕಡ 75.36. ಜಿಲ್ಲೆಯ ಸ್ತ್ರೀಯರಲ್ಲಿ ಅಕ್ಷರಸ್ಥರಾದವರು ಅರ್ಧದಷ್ಟೂ ಇರಲಿಲ್ಲ.

ಈ ಅಂಕಿಗಳು ಕಡಿಮೆಯೆಂದು ಮರುಗುವುದು ಸಹಜ. ಆದರೆ ಅದಕ್ಕಿಂತ ಮೊದಲು ಕೇಳಬೇಕಾದ ಮಾತೊಂದುಂಟು. ಆ ಐವತ್ತೊಂಬತ್ತರಲ್ಲಿ ಎಷ್ಟು ಮಂದಿ ಅರ್ಥಮಾಡಿಕೊಂಡು ಓದಬಲ್ಲರು ಎಂಬುದನ್ನು ನೋಡಬಲ್ಲವರು ಯಾರು? ಗಣತಿದಾರನಲ್ಲ, ಅಧಿಕಾರಿಯೂ ಅಲ್ಲ. ಕಲಿಯುವವನ ಎದುರು ಕುಳಿತ ಉಪಾಧ್ಯಾಯನೊಬ್ಬನೇ. ಹಾಗಾದರೆ ಆ ಉಪಾಧ್ಯಾಯನಿಗೆ ಈ ನೋಟವನ್ನು ಕಲಿಸಿದವರಾರು, ಅವನಲ್ಲಿ ಆ ನೋಟವಿದೆಯೆಂದು ಪರೀಕ್ಷಿಸಿದವರಾರು ಎಂಬುದು ಮುಂದಿನ ಪ್ರಶ್ನೆ. ಅದರಲ್ಲಿಯೂ ಬೆಳೆದವರಿಗೆ, ಶಾಲೆಯನ್ನು ನಡುವೆ ಬಿಟ್ಟವರಿಗೆ, ದುಡಿಯುತ್ತ ಮುಂದಿನ ಓದನ್ನು ಹಿಡಿದವರಿಗೆ ಕಲಿಸಹೊರಟ ಉಪಾಧ್ಯಾಯರ ವಿಷಯದಲ್ಲಿ ಈ ಪ್ರಶ್ನೆ ಹೆಚ್ಚು ತೀಕ್ಷ್ಣವಾದುದು.

ಕನ್ನಡದಲ್ಲಿ ಶಾಲೆಗೆ ‘ಮಠ’ವೆಂಬ ಹೆಸರು ಒಂದು ಕಾಲಕ್ಕೆ ಸಾಮಾನ್ಯವಾಗಿತ್ತು. ಕೂಲಿಮಠವೆಂದರೆ ಊರವರು ಕೊಟ್ಟ ಕಾಳುಕಡಿಯ ಮೇಲೆ ಅಯ್ಯನವರು ನಡೆಸುತ್ತಿದ್ದ ಶಾಲೆ. ಉಪಾಧ್ಯಾಯರಿಗೋಸ್ಕರ 1865ರಲ್ಲಿ ಹೊರಟ ಪತ್ರಿಕೆಗೂ ‘ಮಠಪತ್ರಿಕೆ’ಯೆಂದೇ ಹೆಸರಿಟ್ಟರು, ಇಂದಿನ ‘ಜೀವನ ಶಿಕ್ಷಣ’ವು ಅದರದೇ ಮುಂದುವರಿಕೆ. ಈ ಮಠಗಳಲ್ಲಿ ಓದು ಹೇಗೆ ನಡೆಯುತ್ತಿತ್ತು, ಓದನ್ನು ಹೇಗೆ ಅಳೆಯುತ್ತಿದ್ದರು ಎಂಬುದಕ್ಕೆ ಪೋತ್ನಾಳದ ನೆರೆಯಲ್ಲಿಯೇ ಒಂದು ಅಪೂರ್ವವಾದ ದಾಖಲೆ ದೊರೆಯುತ್ತದೆ. ಮಾನ್ವಿ ಸೀಮೆಗೆ ದಕ್ಷಿಣದ ಎಲ್ಲೆಯಾಗಿ ಹರಿಯುವುದು ತುಂಗಭದ್ರೆ. ಆಚೆಯ ದಡದ ಆದವಾನಿ ಸೀಮೆ 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿತ್ತು. ಮದರಾಸಿನ ಗವರ್ನರನಾಗಿದ್ದ ಥಾಮಸ್ ಮನ್ರೋ 1822ರಲ್ಲಿ ಪ್ರಾಂತದ ಎಲ್ಲ ಜಿಲ್ಲೆಗಳ ದೇಶೀಯ ಶಾಲೆಗಳ ವಿವರವನ್ನು ಕೇಳಿದಾಗ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ 1823ರ ಆಗಸ್ಟಿನಲ್ಲಿ ವಿಸ್ತಾರವಾದ ವರದಿಯನ್ನು ಕಳುಹಿದನು. ಕನ್ನಡ ಬಲ್ಲವರು ಅವಶ್ಯವಾಗಿ ಓದಬೇಕಾದ ಬರಹವಿದು. ಧರ್ಮಪಾಲರು 1983ರಲ್ಲಿ ಪ್ರಕಟಿಸಿದ ದೇಶೀಯ ಶಿಕ್ಷಣದ ಗ್ರಂಥದಲ್ಲಿ ಮತ್ತೆ ಅಚ್ಚಾಗಿದೆ.

ಅಂದಿನ ಬಳ್ಳಾರಿ ಜಿಲ್ಲೆಯ ಜನಸಂಖ್ಯೆ 9,27,857. ಶಾಲೆಗಳು 533, ಅವುಗಳಲ್ಲಿ ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳುಗಳವು, ಇಂಗ್ಲಿಷಿನದು ಒಂದೇ ಒಂದು. ವಿದ್ಯಾರ್ಥಿಗಳು 6,641, ಅಂದರೆ ಸಾವಿರ ಜನಕ್ಕೆ ಸುಮಾರು ಏಳು ಮಂದಿ. ಅವರಲ್ಲಿ ಹೆಣ್ಣುಮಕ್ಕಳು ಕೇವಲ 60. ಹಿಂದಿನದೆಲ್ಲವನ್ನೂ ಹೊನ್ನಿನ ಯುಗವೆಂದು ಹಾಡುವವರು ಈ 60 ಎಂಬ ಸಂಖ್ಯೆಯನ್ನು ಕ್ಷಣಕಾಲ ದಿಟ್ಟಿಸಿ ನೋಡುವುದು ಒಳ್ಳೆಯದು.

ಆದರೆ ಕಲಿಸುವ ಕ್ರಮವನ್ನು ಕುರಿತು ಕ್ಯಾಂಬೆಲ್ ಕೊಡುವ ವಿವರಗಳು ಬೆಲೆಯುಳ್ಳವು. ಮಗು ಮೊದಲು ಅಕ್ಷರವನ್ನು ಬಾಯಿಂದ ಹೇಳುತ್ತಿರಲಿಲ್ಲ. ನೆಲದ ಮರಳಿನ ಮೇಲೆ ಬೆರಳಿನಿಂದ ತಿದ್ದುತ್ತಿತ್ತು. ಕೈ ಪಳಗಿದ ಮೇಲೆ ಓಲೆಯ ಮೇಲೆ ಕಂಠದಿಂದ, ಕಾಗದದ ಮೇಲೆ ಲೇಖನಿಯಿಂದ, ಇಲ್ಲವೆ ಹಲಗೆ ಅಥವಾ ಕಡತದ ಮೇಲೆ ಬಳಪದಿಂದ ಬರೆಯುವುದು. ಬಟ್ಟೆಗೆ ಗಂಜಿ ಹಾಕಿ ಬಿರುಸುಗೊಳಿಸಿ, ಪುಸ್ತಕದಂತೆ ಮಡಿಚಿ, ಇದ್ದಲಿನ ಪುಡಿಯನ್ನೂ ಅಂಟನ್ನೂ ಸವರಿ ಕಡತವನ್ನು ಮಾಡುತ್ತಿದ್ದರು; ಒದ್ದೆಯ ಬಟ್ಟೆಯಿಂದ ಒರಸಿದರೆ ಬರೆದುದು ಅಳಿಯುವುದು. ಮುಂದಿನ ವರ್ಗದ ಹುಡುಗರು ಹಿಂದಿನ ವರ್ಗದವರಿಗೆ ಕಲಿಸುತ್ತ ತಮ್ಮ ಕಲಿಕೆಯನ್ನು ಗಟ್ಟಿಮಾಡಿಕೊಳ್ಳುತ್ತಿದ್ದರು. ಈ ಪದ್ಧತಿಯು ಶ್ಲಾಘ್ಯವಾದುದೆಂದೂ ಇಂಗ್ಲೆಂಡಿನಲ್ಲಿ ಇದರ ಅನುಕರಣ ನಡೆದಿರುವುದು ಯುಕ್ತವೆಂದೂ ಆ ಕಲೆಕ್ಟರನೇ ಒಪ್ಪಿಕೊಂಡಿದ್ದಾನೆ. ಮಠದಲ್ಲಿ ದಿನದ ಮೊದಲ ಮೌಲ್ಯಮಾಪನ ಹೊಸ್ತಿಲಲ್ಲಿಯೇ ನಡೆಯುತ್ತಿತ್ತು. ಎಲ್ಲರಿಗಿಂತ ಮೊದಲು ಬಂದವನ ಅಂಗೈಯಲ್ಲಿ ಸರಸ್ವತಿಯ ಹೆಸರು. ಎರಡನೆಯವನಿಗೆ ಸೊನ್ನೆ, ಅಂದರೆ ಹೊಗಳಿಕೆಯೂ ಇಲ್ಲ ತೆಗಳಿಕೆಯೂ ಇಲ್ಲ. ಮೂರನೆಯವನಿಗೆ ಮೆಲ್ಲನೆ ಒಂದು ಪೆಟ್ಟು, ನಾಲ್ಕನೆಯವನಿಗೆ ಎರಡು, ಹೀಗೆ ಏರುತ್ತ ಹೋಗುವುದು. ಸೋಮಾರಿಯಾದವನನ್ನು ಎರಡೂ ಕೈ ಕಟ್ಟಿ ತೊಲೆಗೆ ನೇತುಹಾಕುವುದೂ ಉಂಟು. ಇದರ ಬಗೆಗೆ ಯಾರೂ ಹಂಬಲಿಸಬೇಕಾಗಿಲ್ಲ.

ಹಂಬಲಿಸಬೇಕಾದುದು ಬೇರೊಂದು. ಓಲೆ, ಕಡತ, ಮಗ್ಗಿಗಳಾದ ಮೇಲೆ ವಿದ್ಯಾರ್ಥಿಯ ಮುಂದೆ ಇಡುತ್ತಿದ್ದುದು ಏನು? ಉಪಾಧ್ಯಾಯನು ನಾನಾ ಕಡೆಗಳಿಂದ ಕೂಡಿಸಿ ತಂದ ನಿಜವಾದ ಕಾಗದಗಳು. ಬೇರೆ ಬೇರೆ ಕೈಬರಹದ ಸರಕಾರಿ ಪತ್ರಗಳನ್ನು ಬಿಡಿಸಿ ಓದುವುದು, ಸಾಮಾನ್ಯ ಓಲೆಗಳನ್ನು ಬರೆಯುವುದು, ಕರಾರುಪತ್ರಗಳ ಒಕ್ಕಣೆಯನ್ನು ರಚಿಸುವುದು, ಇವು ಶಿಕ್ಷಣದ ಅಂಗಗಳೇ ಆಗಿದ್ದುವು. ಓದನ್ನು ಅಳೆಯುವ ಒರೆಗಲ್ಲು ಊರಿನ ವ್ಯವಹಾರದಿಂದಲೇ ಬಂದಿತ್ತು. ಹುಡುಗನಿಗೆ ಓದು ಬಂದಿತೇ ಇಲ್ಲವೇ ಎಂಬುದು ಮನೆಗೆ ಬಂದ ಪತ್ರವನ್ನು ಅವನು ಓದಿ ಹೇಳಿದ ದಿನವೇ ತಿಳಿದುಹೋಗುತ್ತಿತ್ತು.

ದೋಷವೂ ಅಷ್ಟೇ ದೊಡ್ಡದು. ಎಲ್ಲ ಶಾಲೆಗಳಲ್ಲಿಯೂ ರಾಮಾಯಣ, ಭಾರತ, ಭಾಗವತಗಳು. ಲಿಂಗವಂತರ ಮಕ್ಕಳಿಗೆ ಬಸವಪುರಾಣ, ರಾಘವಾಂಕನ ಕಾವ್ಯ, ಗಿರಿಜಾಕಲ್ಯಾಣ, ಅನುಭವಾಮೃತ, ಚನ್ನಬಸವಪುರಾಣಗಳು. ವ್ಯಾಕರಣದ ಪೈಕಿ ಶಬ್ದಮಣಿದರ್ಪಣವೂ ವರದಿಯ ಪಟ್ಟಿಯಲ್ಲಿದೆ. ಪಟ್ಟಿಯನ್ನು ನೋಡಿದರೆ ಯಾವ ವಿದ್ವಾಂಸನಿಗಾದರೂ ಹೃದಯ ತುಂಬಿ ಬರಬೇಕು. ಆದರೆ ಈ ಗ್ರಂಥಗಳು ಪದ್ಯಗಳು. ಆಡುಮಾತಿಗೆ ಬಹುದೂರವಾದ ನುಡಿಯವು. ಹುಡುಗರು ನೂರಾರು ಪದ್ಯಗಳನ್ನು ಸ್ವಚ್ಛವಾದ ಉಚ್ಚಾರದಿಂದ ಒಪ್ಪಿಸುತ್ತಿದ್ದರು, ಅರ್ಥ ತಿಳಿಯದು. ಬಹುಮಟ್ಟಿಗೆ ಕಲಿಸುವವರಿಗೂ ತಿಳಿಯದು. ಗಿಳಿಗೆ ಕಲಿಸಿದ ಮಾತಿನ ಹೋಲಿಕೆಯನ್ನು ಕ್ಯಾಂಬೆಲ್ ಬಳಸಿರುವುದು ಈ ಸಂದರ್ಭದಲ್ಲಿ. ಯೋಗ್ಯರಾದ ಉಪಾಧ್ಯಾಯರ ಕೊರತೆಯನ್ನು ಮುಖ್ಯ ನ್ಯೂನತೆಗಳಲ್ಲಿ ಒಂದೆಂದು ಅವನು ಎಣಿಸಿದನು. ಪರಕೀಯನ ಮಾತೆಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಅರ್ಥವಿಲ್ಲದ ಒಪ್ಪಿಸುವಿಕೆಯನ್ನು ಕಂಡು ನಿಟ್ಟುಸಿರಿಟ್ಟ ಪಂಡಿತರು ಕನ್ನಡನಾಡಿನಲ್ಲಿಯೂ ಕಡಿಮೆಯಿಲ್ಲ.

ಒಂದೇ ಮಠದಲ್ಲಿ ಹೀಗೆ ಎರಡು ಓದುಗಳು ಅಕ್ಕಪಕ್ಕದಲ್ಲಿ ನಡೆದಿದ್ದುವು. ಕರಾರುಪತ್ರದ ಓದಿನಲ್ಲಿ ಅರ್ಥವೇ ಸರ್ವಸ್ವ, ಕಾವ್ಯದ ಓದಿನಲ್ಲಿ ಉಚ್ಚಾರವೇ ಸರ್ವಸ್ವ. ಆಧುನಿಕ ಶಾಲೆಯು ಹಳೆಯ ಮಠವನ್ನು ತೆಗೆದುಹಾಕಿದಾಗ ಇವೆರಡರಲ್ಲಿ ಉಳಿಸಿಕೊಂಡುದು ಎರಡನೆಯದನ್ನು! ಪದ್ಯದ ಸ್ಥಾನಕ್ಕೆ ಪಠ್ಯಪುಸ್ತಕದ ಪ್ರಶ್ನೋತ್ತರ ಬಂದಿತು. ಕರಾರುಪತ್ರ ಶಾಲೆಯ ಹೊರಗೆ ಉಳಿಯಿತು.

ತುಂಗಭದ್ರೆಯ ಈಚೆಯ ರಾಯಚೂರು ಸೀಮೆಯಲ್ಲಿ ಇನ್ನೊಂದು ತೊಡಕು ಸೇರಿಕೊಂಡಿತು. ನಿಜಾಮರ ಆಳಿಕೆಯಲ್ಲಿ ಕಚೇರಿಯ ಭಾಷೆ ಉರ್ದು. ಮೇಲಿನ ಶಿಕ್ಷಣದ ಭಾಷೆಯೂ ಅದೇ. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯವು ದೇಶಭಾಷೆಯೊಂದರಲ್ಲಿ ಉನ್ನತ ವಿದ್ಯೆಯನ್ನು ಕಲಿಸಿದ ಕೀರ್ತಿಗೆ ಪಾತ್ರವಾದುದು ನಿಜ. ಆ ದೇಶಭಾಷೆ ಕನ್ನಡದ ಮಗುವಿನದಾಗಿರಲಿಲ್ಲವೆಂಬುದೂ ನಿಜ. 1948ರ ಸಪ್ಟಂಬರಿನ ವರೆಗೆ, ಹೊಲದ ಕಾಗದವನ್ನು ಓದಿಸಿಕೊಳ್ಳಬೇಕಾದ ಒಕ್ಕಲಿಗನು ತನ್ನ ಊರಿನ ಕನ್ನಡ ಮಠದಲ್ಲಿ ಕಲಿತವನ ಬಳಿಗೆ ಹೋದರೆ ಪ್ರಯೋಜನವಾಗುತ್ತಿರಲಿಲ್ಲ. ಓದಿಗೂ ಬದುಕಿನ ಕಾಗದಕ್ಕೂ ಸಂಬಂಧ ಕಡಿದುಹೋಗಿ ಕೆಲವು ತಲೆಮಾರುಗಳೇ ಕಳೆದುವು. 1956ರ ನವೆಂಬರ್ 1ರಂದು ಜಿಲ್ಲೆಯು ವಿಶಾಲ ಮೈಸೂರಿಗೆ ಸೇರಿ ಕಾಗದ ಕನ್ನಡಕ್ಕೆ ತಿರುಗಿತು. ಆದರೆ ಭಾಷೆ ತಿರುಗಿದೊಡನೆ ಓದಿಸುವ ಕ್ರಮವೂ ತಿರುಗುವುದೆಂಬ ನಿಯಮವಿಲ್ಲ.

ಬೆಳೆದವರಿಗೆ ಅಕ್ಷರ ಕಲಿಸುವ ದೊಡ್ಡ ಪ್ರಯತ್ನ 1988ರ ಮೇ ತಿಂಗಳಲ್ಲಿ ಆರಂಭವಾದ ರಾಷ್ಟ್ರೀಯ ಸಾಕ್ಷರತಾ ಮಿಷನ್ನಿನಿಂದ ಬಂದಿತು. ಮೂರು ಭಾಗಗಳ ಪ್ರವೇಶಿಕೆ, ಸುಮಾರು 200 ಗಂಟೆಗಳ ಕಲಿಕೆ, ಪ್ರವೇಶಿಕೆಯ ಒಳಗೇ ಹೊಂದಿಸಿದ ಕಿರುಪರೀಕ್ಷೆಗಳು. ಪರೀಕ್ಷೆಯನ್ನು ಪಾಠದ ಹೊರಗಿನ ಭಯವನ್ನಾಗಿಸದೆ ಪಾಠದ ಅಂಗವನ್ನಾಗಿ ಮಾಡಿದುದು ವಿವೇಕದ ಕೆಲಸ. ಕರ್ನಾಟಕದಲ್ಲಿ ‘ಬಾಳಿಗೆ ಬೆಳಕು’ ಎಂಬ ಪ್ರವೇಶಿಕೆಯನ್ನು ಹಿಡಿದು ಲಕ್ಷಾಂತರ ಮಂದಿ ಲಾಟೀನಿನ ಸುತ್ತ ಕುಳಿತರು. ಆ ಮಿಷನ್ನು ಅಳತೆಗಳನ್ನೂ ಗೊತ್ತುಪಡಿಸಿತು. ನಿಮಿಷಕ್ಕೆ 30 ಪದಗಳನ್ನು ಗಟ್ಟಿಯಾಗಿ ಓದಬೇಕು, 35 ಪದಗಳನ್ನು ಮನಸ್ಸಿನಲ್ಲಿ ಓದಬೇಕು, 7 ಪದಗಳನ್ನು ನೋಡಿ ಬರೆಯಬೇಕು, 5 ಪದಗಳನ್ನು ಹೇಳಿಸಿಕೊಂಡು ಬರೆಯಬೇಕು, 1ರಿಂದ 100ರ ವರೆಗಿನ ಅಂಕಿಗಳು ಬರಬೇಕು. ಫಲಕ, ಸೂಚನೆ, ಸರಳ ಪತ್ರಗಳನ್ನು ತಿಳಿದು ಓದಬೇಕೆಂಬ ಮಾತೂ ಅದರಲ್ಲಿತ್ತು. ಆದರೆ ಗಡಿಯಾರದಿಂದ ಅಳೆಯಬಹುದಾದುದು ಒಂದು, ಅಳೆಯಲಾರದುದು ಇನ್ನೊಂದು ಎಂದಾದಾಗ ಮೊದಲನೆಯದೇ ಗೆಲ್ಲುವುದು ಲೋಕರೂಢಿ.

ಇಲ್ಲಿ ವೈಯಾಕರಣನು ಎತ್ತಬೇಕಾದ ಆಕ್ಷೇಪವೊಂದಿದೆ. ಪದವೆಂದರೆ ಯಾವುದು? ಹಿಂದಿಯಲ್ಲಿ ನಾಲ್ಕೈದು ಬಿಡಿಪದಗಳಾಗಿ ನಿಲ್ಲುವ ಅರ್ಥವು ಕನ್ನಡದಲ್ಲಿ ‘ಹೋಗಬೇಕಾಗಿತ್ತಂತೆ’ ಎಂಬ ಒಂದೇ ಪದದಲ್ಲಿ ಅಡಗುತ್ತದೆ. ಪ್ರಕೃತಿಗೆ ಪ್ರತ್ಯಯ, ಪ್ರತ್ಯಯಕ್ಕೆ ಇನ್ನೊಂದು ಕ್ರಿಯೆ, ಅದರ ಮೇಲೆ ಅವ್ಯಯ. ಸಂಧಿಯ ಅಂಟಿನಿಂದ ಎಲ್ಲವೂ ಏಕ. ನಿಮಿಷಕ್ಕೆ 30 ಪದಗಳೆಂಬ ಅಳತೆಯು ಎಲ್ಲ ಭಾಷೆಗಳಿಗೂ ಒಂದೇ ಆದರೆ ಕನ್ನಡದ ಕಲಿಕೆಗಾರನು ಹೆಚ್ಚು ಭಾರವನ್ನು ಹೊರಬೇಕಾಗುತ್ತದೆ. ಇದನ್ನು ತಿಳಿದ ಉಪಾಧ್ಯಾಯನು ದೀರ್ಘಪದದ ಮುಂದೆ ತಡವರಿಸಿದವನನ್ನು ಮಂದನೆನ್ನಲಾರನು. ತಿಳಿಯದವನು ಹಾಗೆ ಅಂದೇ ಅನ್ನುವನು, ಮರುದಿನದಿಂದ ಆ ಕಲಿಕೆಗಾರನು ಶಾಲೆಗೆ ಬರುವುದಿಲ್ಲ. ಮಗುವನ್ನು ತಂದೆತಾಯಿಗಳು ಮತ್ತೆ ಕರೆತರುವರು, ಬೆಳೆದವನನ್ನು ಕರೆತರುವವರಿಲ್ಲ.

ಈ ತಿಳಿವಳಿಕೆಯು ಪ್ರಶಿಕ್ಷಣದಲ್ಲಿ ಬರಬೇಕು. ಬರುತ್ತಿದೆಯೇ? ಟಿ.ಸಿ.ಎಚ್. ಎಂದಿದ್ದುದು ಡಿ.ಎಡ್. ಆಯಿತು, ಅದು ಈಗ ಡಿ.ಎಲ್.ಎಡ್. ಆಗಿದೆ, ಬಿ.ಎಡ್. ವ್ಯಾಸಂಗವು 2015ರಿಂದ ಎರಡು ವರ್ಷಗಳದಾಯಿತು. ಹೆಸರೂ ಅವಧಿಯೂ ಮಾರ್ಪಟ್ಟರೂ ಪಾಠಯೋಜನೆಯ ದಪ್ಪ ಪುಸ್ತಕ ಮಾರ್ಪಡಲಿಲ್ಲ. ಪೂರ್ವಸಿದ್ಧತೆ, ನಿರೂಪಣೆ, ತುಲನೆ, ಸಾಮಾನ್ಯೀಕರಣ, ಅನ್ವಯ ಎಂಬ ಹರ್ಬಾರ್ಟ್ ಪಂಥದ ಐದು ಸೋಪಾನಗಳು ಅಲ್ಲಿ ಬಹುಕಾಲ ಆಳಿದುವು; ಈಗ ಅವುಗಳ ಸ್ಥಾನಕ್ಕೆ ಬೇರೆ ಕೋಷ್ಟಕಗಳು ಬಂದಿವೆ. ಹಿಂದಿನ ವರ್ಷದವರ ಪುಸ್ತಕವನ್ನು ನೋಡಿ ಈ ವರ್ಷದವರು ತುಂಬುವುದು, ದುಂಡಗಿನ ಅಕ್ಷರಕ್ಕೆ ಅಂಕ ಬೀಳುವುದು, ಇವು ಯಾವ ಊರಿನ ಪ್ರಶಿಕ್ಷಣಾರ್ಥಿಗೂ ಹೊಸ ಸಂಗತಿಗಳಲ್ಲ. ಅಭ್ಯಾಸಪಾಠವನ್ನು ವೀಕ್ಷಿಸುವವರು ಧ್ವನಿ ಸ್ಪಷ್ಟ, ಕಪ್ಪುಹಲಗೆಯ ಕೆಲಸ ಅಚ್ಚುಕಟ್ಟು, ಸಮಯಪಾಲನೆ ತೃಪ್ತಿಕರವೆಂದು ಬರೆಯುತ್ತಾರೆ. ಪಾಠದ ನಡುವೆ ಮಗುವೊಂದು ತಪ್ಪು ಉತ್ತರ ಹೇಳಿದಾಗ ಪ್ರಶಿಕ್ಷಣಾರ್ಥಿ ಏನು ಮಾಡಿದನೆಂಬುದಕ್ಕೆ ಅಂಕಪಟ್ಟಿಯಲ್ಲಿ ಎಷ್ಟು ಜಾಗವಿದೆಯೆಂದು ಪ್ರಶಿಕ್ಷಣ ಕೊಡುವವರು ತಾವೇ ನೋಡಿಕೊಳ್ಳಬೇಕು. ಪರೀಕ್ಷೆಗೆ ಒಳಗಾದವನು ತಾನು ಪರೀಕ್ಷಿತನಾದ ರೀತಿಯಲ್ಲಿಯೇ ಮುಂದೆ ಪರೀಕ್ಷಿಸುವನು. ನಕಲಿಗೆ ಅಂಕ ಪಡೆದವನು ನಕಲಿಗೆ ಅಂಕ ಕೊಡುವನು.

ರಾಯಚೂರು ಸೀಮೆಯ ಬರವಣಿಗೆಯಲ್ಲಿ ಸಾಮಾನ್ಯವಾಗಿ ಕಾಣುವ ತಪ್ಪುಗಳನ್ನೇ ತೆಗೆದುಕೊಳ್ಳಬಹುದು. ಮನೆ ಎಂಬಲ್ಲಿ ‘ಮನಿ’, ತಲೆ ಎಂಬಲ್ಲಿ ‘ತಲಿ’, ಶಾಲೆ ಎಂಬಲ್ಲಿ ‘ಸಾಲಿ’. ಮೂರಕ್ಕೂ ಕೆಂಪು ಶಾಯಿಯ ಒಂದೇ ಗೀಟು ಬೀಳುತ್ತದೆ. ಆದರೆ ಇವು ಒಂದೇ ಬಗೆಯ ತಪ್ಪುಗಳಲ್ಲ. ನಿಜಕ್ಕೂ ತಪ್ಪುಗಳೇ ಅಲ್ಲ. ‘ಮನಿ’ ಎಂದು ಬರೆದವನು ತಾನು ಆಡುವ ಮಾತಿನ ಧ್ವನಿಯನ್ನು ನಿಷ್ಠೆಯಿಂದ ಅಕ್ಷರಕ್ಕಿಳಿಸಿದ್ದಾನೆ. ಪದಾಂತ್ಯದ ಎಕಾರವು ಇಕಾರವಾಗುವುದು ಉತ್ತರದ ಕನ್ನಡದ ಕ್ರಮಬದ್ಧವಾದ ನಡೆ. ಅದು ಗೊತ್ತಿದ್ದರೆ ಒಂದು ಸೂತ್ರದಿಂದ ನೂರು ಪದಗಳನ್ನು ಒಮ್ಮೆಗೇ ತಿದ್ದಿಸಬಹುದು. ‘ಸಾಲಿ’ಯಲ್ಲಿ ಎರಡು ವ್ಯತ್ಯಾಸಗಳು ಕೂಡಿವೆ: ಶಕಾರವು ಸಕಾರವಾಗಿದೆ, ಎಕಾರವು ಇಕಾರವಾಗಿದೆ. ಶಕಾರವನ್ನು ಸಕಾರವಾಗಿ ನುಡಿಯುವುದು ತದ್ಭವ ಪ್ರಕರಣವನ್ನು ಓದಿದವರಿಗೆ ಹಳೆಯ ಪರಿಚಯ. ಕೇಶಿರಾಜನ ಕಾಲಕ್ಕೂ ಅದು ಹಳೆಯದೇ. ‘ಸಹಾಯಧನ’ವು ‘ಸಹಾಯದನ’ವಾದರೆ ನಗುವವರುಂಟು. ನಗುವ ಬದಲು, ಆಡುಮಾತಿನಲ್ಲಿ ಮಹಾಪ್ರಾಣವನ್ನು ಕೇಳದ ಕಿವಿಗೆ ಅದನ್ನು ಕಣ್ಣಿನಿಂದಲೇ ಕಲಿಸಬೇಕಾಗುತ್ತದೆಯೆಂದು ಅರಿತರೆ ಪಾಠ ಆರಂಭವಾಗುತ್ತದೆ. ಇನ್ನು, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ನೆಲೆಸಿದ ಕ್ಯಾಂಪುಗಳಲ್ಲಿ ಮನೆಮಾತು ತೆಲುಗು. ಅವರ ತಪ್ಪುಗಳ ವ್ಯಾಕರಣವೇ ಬೇರೆ. ಉಪಾಧ್ಯಾಯನು ಇವೆಲ್ಲವನ್ನೂ ಒಂದೇ ಗೀಟಿನಿಂದ ಹೊಡೆದುಹಾಕಿದರೆ ಅವನು ಓದಿದುದೇನು?

ಶಾಸ್ತ್ರವ್ಯಾಸಂಗದ ಪರಂಪರೆಯಲ್ಲಿ ವ್ಯಾಖ್ಯಾನಕ್ಕೆ ಐದು ಲಕ್ಷಣಗಳನ್ನು ಹೇಳಿದ್ದಾರೆ: ಪದಚ್ಛೇದ, ಪದಾರ್ಥೋಕ್ತಿ, ವಿಗ್ರಹ, ವಾಕ್ಯಯೋಜನೆ, ಆಕ್ಷೇಪ-ಸಮಾಧಾನ. ಪದಗಳನ್ನು ಬಿಡಿಸುವುದು, ಅವುಗಳ ಅರ್ಥ ಹೇಳುವುದು, ಸಮಾಸವನ್ನು ಒಡೆದು ತೋರಿಸುವುದು, ವಾಕ್ಯದ ಅನ್ವಯ ಮಾಡುವುದು, ಏಳಬಹುದಾದ ಸಂಶಯಕ್ಕೆ ಉತ್ತರ ಕೊಡುವುದು. ಗುರುವಿನ ಎದುರು ಕುಳಿತ ಶಿಷ್ಯನು ಈ ಐದರಲ್ಲಿ ಎಲ್ಲಿ ಎಡವಿದನೆಂಬುದು ತತ್‌ಕ್ಷಣ ತಿಳಿಯುತ್ತಿತ್ತು. ಇದು ಪಂಡಿತರ ಸೊತ್ತೆಂದೂ ಸಂಜೆಶಾಲೆಗೆ ಇದರಿಂದ ಏನೂ ಆಗಬೇಕಿಲ್ಲವೆಂದೂ ತೋರಬಹುದು. ಹಾಗಲ್ಲವೆಂಬುದಕ್ಕೆ ಒಂದು ದೃಷ್ಟಾಂತ.

ಮಾನ್ವಿಯಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿ ಪೋತ್ನಾಳವಿದೆ. ಇಂಥ ಊರಿನ ಒಂದು ಸಂಜೆಶಾಲೆಯನ್ನು ಭಾವಿಸಿಕೊಳ್ಳಬೇಕು. ಭತ್ತದ ನಾಟಿ ಮುಗಿಸಿ ಬಂದ ಹತ್ತು ಹನ್ನೆರಡು ಮಂದಿ. ಉಪಾಧ್ಯಾಯನು ಪ್ರವೇಶಿಕೆಯನ್ನು ಬದಿಗಿಟ್ಟು ಸಾಲದ ತಿಳಿವಳಿಕೆ ಪತ್ರದ ಒಂದು ವಾಕ್ಯವನ್ನು ಹಲಗೆಯ ಮೇಲೆ ಬರೆಯುತ್ತಾನೆ: ‘ಬಾಕಿಯನ್ನು ನಿಗದಿತ ಅವಧಿಯೊಳಗೆ ಪಾವತಿಸದಿದ್ದಲ್ಲಿ ಜಾಮೀನುದಾರರ ಮೇಲೆಯೂ ಕ್ರಮ ಜರುಗಿಸಲಾಗುವುದು.’ ಒಬ್ಬನು ಇದನ್ನು ತಡವಿಲ್ಲದೆ ಗಟ್ಟಿಯಾಗಿ ಓದಿದನೆನ್ನಬೇಕು. ಹತ್ತು ಪದಗಳಿಗೂ ಕಡಿಮೆ. ನಿಮಿಷದ ಲೆಕ್ಕದಲ್ಲಿ ಅವನು ತೇರ್ಗಡೆಯಾದನು. ಈಗ ಐದು ಲಕ್ಷಣಗಳಿಂದ ಕೇಳಬೇಕು.

ಮೊದಲನೆಯದು ಪದಚ್ಛೇದ. ‘ಪಾವತಿಸದಿದ್ದಲ್ಲಿ’ ಎಂಬುದನ್ನು ಬಿಡಿಸಿದರೆ ಕೊನೆಯಲ್ಲಿ ‘ಅಲ್ಲಿ’ ಸಿಗುತ್ತದೆ. ಆಡುಮಾತಿನವನಿಗೆ ‘ಅಲ್ಲಿ’ ಎಂದರೆ ಸ್ಥಳ. ಎಲ್ಲಿಯೋ ಏನೋ ನಡೆಯುವುದೆಂದು ಅವನು ತಿಳಿಯುತ್ತಾನೆ. ಇಲ್ಲಿ ಅದು ಸ್ಥಳವಲ್ಲ, ಷರತ್ತು. ‘ಪಾವತಿಸದಿದ್ದರೆ’ ಎಂದು ಅರ್ಥ. ಕಚೇರಿಯ ಕನ್ನಡದ ಬಾಗಿಲು ಈ ಒಂದು ಪ್ರತ್ಯಯದ ಮೇಲೆ ತಿರುಗುತ್ತದೆ. ಬಳಿಕ ಪದಾರ್ಥ: ಬಾಕಿ, ನಿಗದಿ, ಜಾಮೀನು ಎಂಬ ಪಾರಸಿ-ಅರಬ್ಬಿ ಮೂಲದ ಶಬ್ದಗಳು ನಿಜಾಮರ ಸೀಮೆಯ ಹಿರಿಯರ ಕಿವಿಗೆ ಪರಿಚಿತವೇ; ‘ಅವಧಿ’ ಎಂಬ ಸಂಸ್ಕೃತವೇ ಅವರನ್ನು ನಿಲ್ಲಿಸುವುದು. ಯಾವುದು ಕಠಿನ ಯಾವುದು ಸುಲಭವೆಂಬ ಪಂಡಿತರ ಊಹೆ ಇಲ್ಲಿ ತಲೆಕೆಳಗಾಗುತ್ತದೆ. ವಿಗ್ರಹದಲ್ಲಿ ಇನ್ನೂ ದೊಡ್ಡ ಅಪಾಯವಿದೆ. ‘ಜಾಮೀನುದಾರ’ನೆಂದರೆ ಹೊಣೆ ನಿಂತವನು, ಒಂದು ದೀರ್ಘವನ್ನು ಕಳೆದರೆ ‘ಜಮೀನುದಾರ’, ಹೊಲದ ಒಡೆಯ. ಸಾಲಗಾರನಿಗೆ ಹೊಣೆ ನಿಂತು ಹೆಬ್ಬೆಟ್ಟೊತ್ತಿದವನು, ಇದು ಹೊಲವುಳ್ಳವರ ವಿಷಯ, ತನಗೆ ಸಂಬಂಧಿಸಿದ್ದಲ್ಲವೆಂದು ಪತ್ರವನ್ನು ಮಡಿಚಿ ಇಟ್ಟರೆ ಆಶ್ಚರ್ಯವಿಲ್ಲ. ಒಂದು ಇಳಿಯ ಬೆಲೆ ಅಲ್ಲಿ ಒಂದು ಎಕರೆಯಾಗಬಹುದು.

ವಾಕ್ಯಯೋಜನೆಗೆ ಬಂದರೆ, ‘ಜರುಗಿಸಲಾಗುವುದು’ ಎಂಬುದಕ್ಕೆ ಕರ್ತೃವೆಲ್ಲಿ? ಯಾರು ಜರುಗಿಸುವರು? ವಾಕ್ಯದಲ್ಲಿ ಇಲ್ಲ. ಕರ್ಮಣಿಪ್ರಯೋಗದ ಹಿಂದೆ ಕಚೇರಿಯು ಮರೆಯಾಗಿ ನಿಂತಿದೆ. ಕೇಳಬೇಕಾದುದು ಯಾರನ್ನು ಎಂಬುದು ತಿಳಿಯಬೇಕಾದರೆ ಪತ್ರದ ತಲೆಬರಹವನ್ನೂ ಕೊನೆಯ ಮೊಹರನ್ನೂ ಓದಬೇಕು. ಅವು ಪಾಠದ ಭಾಗವೆಂದು ಯಾವ ಪ್ರವೇಶಿಕೆಯೂ ಎಣಿಸುವುದಿಲ್ಲ. ಕೊನೆಗೆ ಆಕ್ಷೇಪ: ‘ಸಾಲ ತಂದವನು ಅವನು, ನನ್ನ ಮೇಲೇಕೆ?’ ಎಂದು ಕಲಿಕೆಗಾರನೊಬ್ಬನು ಕೇಳಿಯೇ ಕೇಳುವನು. ಸಮಾಧಾನವು ‘ಮೇಲೆಯೂ’ ಎಂಬಲ್ಲಿನ ಊಕಾರದಲ್ಲಿದೆ. ಸಮುಚ್ಚಯಾರ್ಥದ ಆ ಒಂದು ಸ್ವರ, ಸಾಲಗಾರನ ಜೊತೆಗೆ ಹೊಣೆಗಾರನನ್ನೂ ಸೇರಿಸಿಬಿಟ್ಟಿದೆ. ಇಷ್ಟು ಚರ್ಚೆಗೆ ಒಂದು ಸಂಜೆಯೇ ಬೇಕು. ಒಂದು ಸಂಜೆಗೆ ಒಂದು ವಾಕ್ಯವೆಂದರೆ ಪಠ್ಯಕ್ರಮ ಮುಗಿಯುವುದು ಯಾವಾಗ ಎಂದು ಮೇಲ್ವಿಚಾರಕರು ಕೇಳಬಹುದು. ಆ ಪ್ರಶ್ನೆಯಲ್ಲಿ ನ್ಯಾಯವಿಲ್ಲದಿ‌ಲ್ಲ. ಆದರೂ ಮುಗಿಸಿದ ಪಠ್ಯಕ್ರಮವು ಮಡಿಚಿಟ್ಟ ಪತ್ರವನ್ನು ಬಿಚ್ಚಿಸಲಾರದು.

ಪಹಣಿಯೂ ಹೀಗೆಯೇ. ‘ಭೂಮಿ’ ಯೋಜನೆಯಿಂದ ಪಹಣಿ ಗಣಕಯಂತ್ರದ ಅಚ್ಚಿಗೆ ಬಂದ ಮೇಲೆ ಶಾನುಭೋಗರ ಮೋಡಿಯ ಕೈಬರಹದ ಕಷ್ಟ ತಪ್ಪಿತು, ಅದು ದೊಡ್ಡ ಉಪಕಾರ. ಆದರೆ ರೈತನು ಅದರಲ್ಲಿ ಮೊದಲು ನೋಡಬೇಕಾದ ಮಾತುಗಳಲ್ಲಿ ಒಂದು ‘ಋಣ’. ಋಕಾರವು ಬಳಕೆ ವಿರಳವೆಂದು ಸಾಮಾನ್ಯವಾಗಿ ಪಾಠದ ಕೊನೆಗೆ ತಳ್ಳಲ್ಪಡುವ ಅಕ್ಷರ. ನಡುವೆಯೇ ಶಾಲೆ ಬಿಟ್ಟವನು ಅದನ್ನು ಕಾಣದೆಯೇ ಹೋಗುತ್ತಾನೆ. ಬಳಕೆ ವಿರಳವಿರಬಹುದು, ಬಳಸಿದ ಕಡೆ ಭಾರ ಹೆಚ್ಚು.

ಉಪಾಧ್ಯಾಯರೇ ಪಾಠದ ಸಾಮಗ್ರಿಯನ್ನೂ ಅಳತೆಯನ್ನೂ ನಿರ್ಮಿಸಬಲ್ಲರೆಂಬುದಕ್ಕೆ ಕರ್ನಾಟಕದಲ್ಲಿಯೇ ನಿದರ್ಶನವಿದೆ. 1995ರಲ್ಲಿ ಹೆಗ್ಗಡದೇವನಕೋಟೆಯ ಉಪಾಧ್ಯಾಯರು ರಿಷಿವ್ಯಾಲಿಯ ಪದ್ಧತಿಯನ್ನು ನೋಡಿ ಬಂದು ಕಾರ್ಡುಗಳನ್ನೂ ಕಲಿಕೆಯ ಏಣಿಯನ್ನೂ ಸಿದ್ಧಪಡಿಸಿದರು. ‘ನಲಿ-ಕಲಿ’ ಎಂಬ ಆ ಪದ್ಧತಿ ಮುಂದೆ ರಾಜ್ಯಕ್ಕೆಲ್ಲ ಹರಡಿತು. ಏಣಿಯ ಯಾವ ಮೆಟ್ಟಿಲಲ್ಲಿ ಮಗುವಿದೆಯೆಂಬುದೇ ಅದರ ಪರೀಕ್ಷೆ. ತಾವೇ ಕಾರ್ಡು ಬರೆದ ಉಪಾಧ್ಯಾಯರಿಗೆ ಪ್ರತಿಯೊಂದು ಮೆಟ್ಟಿಲಿನ ಕಾರಣ ಗೊತ್ತಿತ್ತು. ಮುದ್ರಿತ ಕಾರ್ಡುಗಳನ್ನು ಪೆಟ್ಟಿಗೆಯಲ್ಲಿ ಪಡೆದವರಿಗೆ ಅದು ಅಷ್ಟು ಸುಲಭವಾಗಿ ಒದಗಲಾರದು. ಅಲ್ಲಿಯೂ ಪ್ರಶಿಕ್ಷಣವೇ ಕೀಲಕ.

ಈಗ ಬೆಳೆದವರಿಗಾಗಿ 2022ರಿಂದ 2027ರ ವರೆಗಿನ ನವಭಾರತ ಸಾಕ್ಷರತಾ ಕಾರ್ಯಕ್ರಮವಿದೆ. ‘ಉಲ್ಲಾಸ್’ ಎಂದು ಅದರ ಹೆಸರು. ಹದಿನೈದು ವರ್ಷ ಮೀರಿದವರು ಕಲಿಯುವವರು, ಸ್ವಯಂಸೇವಕರು ಕಲಿಸುವವರು. ಕೊನೆಗೆ 150 ಅಂಕಗಳ ಪರೀಕ್ಷೆ: ಓದಿಗೆ 50, ಬರೆಹಕ್ಕೆ 50, ಲೆಕ್ಕಕ್ಕೆ 50. ಶೇಕಡ 33ಕ್ಕೆ ತೇರ್ಗಡೆ. ಮುದುಕಿಯೊಬ್ಬಳು ಮೊಮ್ಮಗಳ ಪಕ್ಕದಲ್ಲಿ ಕುಳಿತು ಈ ಪರೀಕ್ಷೆಯನ್ನು ಬರೆಯುವುದು ಸಾಮಾನ್ಯ ಸಂಗತಿಯಲ್ಲ, ಆ ಧೈರ್ಯವನ್ನು ಯಾರೂ ಲಘುವಾಗಿ ಕಾಣಬಾರದು. ಕಲಿಸುವ ಸ್ವಯಂಸೇವಕನಿಗೆ ಮಾತ್ರ ಯಾರೂ ಪರೀಕ್ಷೆಯಿಡುವುದಿಲ್ಲ. ಇಡಬೇಕೆಂದರೆ ಅವನು ಓಡಿಹೋಗುವನು. ಆದುದರಿಂದ ಅವನನ್ನು ಸಿದ್ಧಗೊಳಿಸುವ ಭಾರವು ಪಕ್ಕದ ಶಾಲೆಯ ಪ್ರಶಿಕ್ಷಿತ ಉಪಾಧ್ಯಾಯರ ಮೇಲೆಯೇ ಬೀಳುತ್ತದೆ.

ಅಲ್ಲಿ ಮಾಡತಕ್ಕ ಕೆಲಸ ದೊಡ್ಡದೇನೂ ಅಲ್ಲ. ಪ್ರಶಿಕ್ಷಣದ ಅಭ್ಯಾಸಪಾಠಗಳಲ್ಲಿ ಒಂದನ್ನಾದರೂ ಪಾಠಯೋಜನೆಯಿಲ್ಲದೆ ನಡೆಸಬಹುದು. ಹೊಸದಾಗಿ ಅಕ್ಷರ ಕಲಿತವರೊಬ್ಬರು ಬರೆದ ಅರ್ಜಿಯನ್ನು, ಹೆಸರನ್ನು ಮರೆಮಾಡಿ, ಪ್ರಶಿಕ್ಷಣಾರ್ಥಿಯ ಮುಂದಿಟ್ಟು, ಇದರಲ್ಲಿ ಬರೆದವನಿಗೆ ಏನೇನು ಬರುತ್ತದೆಯೆಂದು ಮೊದಲು ಪಟ್ಟಿಮಾಡು, ಬಾರದುದನ್ನು ಆಮೇಲೆ ಹೇಳು, ಪ್ರತಿಯೊಂದು ತಪ್ಪಿಗೂ ಕಾರಣ ಕೊಡು ಎಂದು ಕೇಳಬೇಕು. ಅಂಕವನ್ನು ಕಾರಣಕ್ಕೆ ಕೊಡಬೇಕು. ಎರಡನೆಯದಾಗಿ ಒಂದು ತಿಳಿವಳಿಕೆ ಪತ್ರವನ್ನೋ ರಸೀತಿಯನ್ನೋ ಕೊಟ್ಟು ಅದರಿಂದ ಏಳಬಹುದಾದ ಆಕ್ಷೇಪಗಳನ್ನು ಬರೆಯಿಸಬೇಕು. ಪದ್ಯವನ್ನು ಬಿಡಬೇಕೆಂದಲ್ಲ. ಶ್ರಾವಣದಲ್ಲಿ ತಿಂಗಳುಗಟ್ಟಲೆ ಪುರಾಣ ಕೇಳಿದವರಿಗೆ, ಭಜನೆಯ ಮೇಳದಲ್ಲಿ ತತ್ತ್ವಪದ ಹಾಡುವವರಿಗೆ ನೂರಾರು ಸಾಲುಗಳು ಬಾಯಲ್ಲಿಯೇ ಇವೆ. ಬಾಯಲ್ಲಿರುವ ಸಾಲನ್ನು ಪುಟದಲ್ಲಿ ಹುಡುಕಿ ತೋರಿಸೆಂದರೆ ಅಕ್ಷರವು ತಾನಾಗಿ ಗುರುತಿಗೆ ಸಿಗುತ್ತದೆ. ಗಿಳಿಯ ಪಾಠವೆಂದು ಕ್ಯಾಂಬೆಲ್ ಬಿಟ್ಟುದು ಇಲ್ಲಿ ಸೇತುವೆಯಾಗುತ್ತದೆ. ಆ ಸೇತುವೆಯ ಮೇಲೆ ನಿಂತುಬಿಡದೆ ಆಚೆಗೆ ದಾಟಿಸುವುದಷ್ಟೇ ಉಪಾಧ್ಯಾಯನ ಹೊಣೆ.

ಇದಕ್ಕೆ ಬೇಕಾದ ಸಾಮಗ್ರಿಯನ್ನು ಮುದ್ರಣಾಲಯದಿಂದ ತರಿಸಬೇಕಾಗಿಲ್ಲ. ಶಾಲೆಗೆ ಕೊಠಡಿ ಕಟ್ಟಿಸಿಕೊಟ್ಟ ದಾನಿಗಳ, ಇಲ್ಲಿ ಕಲಿತು ದೂರದ ಊರುಗಳಲ್ಲಿ ನೆಲೆಸಿದ ಹಳೆಯ ವಿದ್ಯಾರ್ಥಿಗಳ ಮನೆಗಳಲ್ಲಿ ಅಟ್ಟದ ಮೇಲೆ ತಗಡಿನ ಪೆಟ್ಟಿಗೆಗಳಿರುತ್ತವೆ. ಅವುಗಳಲ್ಲಿ ಭತ್ತದ ತೂಕದ ಚೀಟಿ, ಹತ್ತಿಯ ಪಟ್ಟಿ, ಕಂದಾಯದ ರಸೀತಿ, ಸೊಸಾಯಿಟಿಯ ಸಾಲದ ಪುಸ್ತಕ, ಮದುವೆಯ ಯಾದಿ, ಸೇನೆಗೆ ಹೋದ ಮಗನ ಪತ್ರ, ತಾತನ ಕಾಲದ ಉರ್ದು ಕಾಗದದ ಅಂಚಿನಲ್ಲಿ ಕನ್ನಡದಲ್ಲಿ ಮಾಡಿದ ರುಜು, ಇಂಥವು ಗೆದ್ದಲಿಗೆ ಆಹಾರವಾಗುತ್ತ ಬಿದ್ದಿವೆ. ಹೆಸರು, ಸರ್ವೆ ನಂಬರುಗಳನ್ನು ಮರೆಮಾಡಿದ ಅವುಗಳ ಪ್ರತಿಗಳನ್ನು ಕಟ್ಟಿ ಶಾಲೆಯ ವಾಚನಾಲಯದಲ್ಲಿ ಇಟ್ಟರೆ, 1823ರ ಬಳ್ಳಾರಿಯ ಅಯ್ಯನವರು ನಾನಾ ಕಡೆಗಳಿಂದ ಕೂಡಿಸಿದ ಕಟ್ಟಿನಂತೆಯೇ ಅದೊಂದು ಕಟ್ಟಾಗುವುದು. ಮೊದಲನೆಯ ಕಾಗದವಾಗಿ ಹೆಬ್ಬೆಟ್ಟಿನ ಗುರುತುಳ್ಳ ಒಂದು ಜಾಮೀನು ಪತ್ರವನ್ನು ಇಡುವುದು ಉಚಿತ.